ಮೊದಲು ಯಾವ ಬ್ಯಾಟ್‌ಮನ್: ಮುದುಕನೋ, ಹುಡುಗನೋ?

ಪಿಯುಸಿ ಮುಗಿಸಿದ ಅಕ್ಕನ ಮಗ ಕೇಳಿದ, ‘ಬ್ಯಾಟ್‌ಮನ್ ಎಲ್ಲಿಂದ ಶುರು ಮಾಡ್ಲಿ ಮಾವ?’ ಸರಸ್ವತಿಪುರಂನಲ್ಲಿ ಬೈಟು ಕಾಫಿ ಮುಂದೆ ನಮ್ಮ ಗುಂಪಿನ ಜಗಳವೂ ಇದೇ. ಮುದುಕ ಬ್ಯಾಟ್‌ಮನ್‌ನ ಕಾಮಿಕ್ಸೋ, ಹುಡುಗ ಬ್ಯಾಟ್‌ಮನ್‌ನದ್ದೋ ಅಂತ. ಎರಡೂ ಫ್ರಾಂಕ್ ಮಿಲ್ಲರ್ ಬರೆದದ್ದು.

1986ರ ‘ದಿ ಡಾರ್ಕ್ ನೈಟ್ ರಿಟರ್ನ್ಸ್’ನಲ್ಲಿ ಬ್ರೂಸ್‌ಗೆ, ಅಂದ್ರೆ ಮುಖವಾಡದ ಹಿಂದಿನ ಬ್ಯಾಟ್‌ಮನ್‌ಗೆ, 55 ವರ್ಷ. ಒರಟ, ಹಟಮಾರಿ. ಸೂಪರ್‌ಮನ್ ಮಾತ್ರ ಸರ್ಕಾರ ಹೇಳಿದಂತೆ ಕೇಳುವವನು. ಸೂಪರ್‌ಮನ್ ಅಭಿಮಾನಿಗಳಿಗೆ ಇವತ್ತಿಗೂ ಉರಿ, ನ್ಯಾಯವೇ ಅನ್ನಿ. ಪುಟದಲ್ಲಿ 16 ಚಿತ್ರದ ಚೌಕ, ಮಧ್ಯೆ ಟೀವಿಯವರ ಮಾತು. ಹೊಸಬರಿಗೆ ತಲೆ ಚಿಟ್ಟು ಹಿಡಿಯುತ್ತದೆ.

1987ರ ‘ಇಯರ್ ಒನ್’ ತೆಳ್ಳಗಿದೆ. ಹುಡುಗ ಬ್ರೂಸ್ ಮೊದಲ ರಾತ್ರಿಯೇ ಏಟು ತಿಂದು, ರಕ್ತ ಸುರಿಸುತ್ತಾ ಕುರ್ಚಿಯಲ್ಲಿ ಕೂತಿದ್ದಾನೆ. ಕಿಟಕಿ ಗಾಜು ಒಡೆದು ಬಾವಲಿ ನುಗ್ಗುತ್ತದೆ. ಅಬ್ಬಾ! ಸೆಲೀನಾಳನ್ನು (ಕ್ಯಾಟ್‌ವುಮನ್) ತೋರಿಸಿದ ರೀತಿ ನನಗೆ ಹಿಡಿಸಲಿಲ್ಲ. ಆದರೂ ಅಕ್ಕನ ಮಗನ ಕೈಗೆ ಇದನ್ನೇ ಕೊಟ್ಟೆ.