ಫುಡ್ ಟ್ರಕ್ ಜೊತೆ ‘ಜಾಗ’ವನ್ನೂ ಮಾರುತ್ತಿದ್ದಾರೆ, ದಾವಣಗೆರೆಯವರು ಹುಷಾರು

ದಾವಣಗೆರೆಯಲ್ಲಿ ಸೆಕೆಂಡ್ ಹ್ಯಾಂಡ್ ಫುಡ್ ಟ್ರಕ್ ಹುಡುಕುತ್ತಿರುವವರು ಮುಂಗಡ ಕೊಡುವ ಮೊದಲು ಇದನ್ನು ಓದಿ. ‘ಗಾಡಿ, ಜಾಗ, ಲೈಸೆನ್ಸ್ ಎಲ್ಲಾ ಸೇರಿ ಇಷ್ಟು’ ಎಂದು ಯಾರಾದರೂ ರೇಟು ಹೇಳಿದರೆ ಅಲ್ಲೇ ಮಾತು ನಿಲ್ಲಿಸಿ. ರಸ್ತೆ ಬದಿಯ ಜಾಗ ಮಾರುವ ಹಕ್ಕು ಯಾರಿಗೂ ಇಲ್ಲ.

ನನ್ನ ತಮ್ಮ ಹೋಟೆಲಿನಲ್ಲಿ ದೋಸೆ ಮಾಸ್ಟರ್ ಆಗಿದ್ದವನು, ಬೆಣ್ಣೆ ದೋಸೆಗೆ ಕೈ ಚೆನ್ನಾಗಿ ಪಳಗಿದೆ. ಪಿ.ಜೆ. ಬಡಾವಣೆ ಕಡೆ ಅಂಗಡಿ ಅಡ್ವಾನ್ಸ್ ಕೇಳಿದ ಮೇಲೆ ಅದು ನಮ್ಮ ಕೈಗೆ ಎಟುಕುವ ಮಾತಲ್ಲ ಅನ್ನಿಸಿ ಟ್ರಕ್ ನೋಡಲು ಶುರು ಮಾಡಿದೆವು. ಪರಿಚಯದವರ ಮೂಲಕ ಸಿಕ್ಕ ದಲ್ಲಾಳಿ, ಸಣ್ಣ ಗೂಡ್ಸ್ ಗಾಡಿಗೆ ತಗಡಿನ ಬಾಡಿ ಕಟ್ಟಿಸಿ ಕಾವಲಿ ಕೂರಿಸಿದ್ದ ಟ್ರಕ್ಕೊಂದನ್ನು ತೋರಿಸಿದ. ವಿದ್ಯಾನಗರದಲ್ಲಿ ಸಂಜೆ ಕಾಲೇಜು ಹುಡುಗರು ಸೇರುವ ಜಾಗವನ್ನೂ ತೋರಿಸಿದ. ಗಾಡಿಯ ದುಡ್ಡು ಬೇರೆ, ಜಾಗಕ್ಕೆಂದೇ 80,000 ಬೇರೆ, ಅದೂ ನಗದು. ಒಂದು ಪ್ಲಾಸ್ಟಿಕ್ ಫೈಲ್ ಕೈಗಿಟ್ಟು ‘ಪೇಪರ್ ಎಲ್ಲಾ ಕ್ಲಿಯರ್ ಅದಾವೆ’ ಅಂದ.

ವ್ಯಾಪಾರ ಚೆನ್ನಾಗಿಯೇ ಹತ್ತಿತ್ತು. ಒಂದು ಸಂಜೆ, ಕಾವಲಿ ಕಾದು ಮೊದಲ ದೋಸೆ ಹುಯ್ಯುವ ಹೊತ್ತಿಗೆ ಪಾಲಿಕೆಯ ಗಾಡಿ ಬಂತು. ಫೈಲ್ ತೆಗೆದು ತೋರಿಸಿದೆವು. ಬಂದ ಸಿಬ್ಬಂದಿ ಬೀದಿಬದಿ ವ್ಯಾಪಾರಿ ಪ್ರಮಾಣಪತ್ರದ ಜೆರಾಕ್ಸನ್ನು ಬೆಳಕಿಗೆ ಹಿಡಿದು, ‘ಇದು ತಳ್ಳುಗಾಡಿದು, ಹೆಂಗಸಿನ ಹೆಸರಲ್ಲಿದೆ, ನೀವ್ಯಾರು?’ ಅಂದರು. ಫೋಟೊ ಇರುವ ಮೂಲೆ ಕಪ್ಪಾಗುವಂತೆಯೇ ಜೆರಾಕ್ಸ್ ಮಾಡಿಸಿದ್ದ ಆ ದಲ್ಲಾಳಿ. ಸಿಲಿಂಡರು, ಸ್ಟೂಲುಗಳು, ಹಿಟ್ಟಿನ ಎರಡು ಡ್ರಮ್ಮು, ಬೆಣ್ಣೆ ಡಬ್ಬಿ ಎಲ್ಲಾ ಹೇರಿಕೊಂಡು ಹೋದರು. ನಮ್ಮ ಕೈಗೆ ಒಂದು ಚೀಟಿಯೂ ಬರಲಿಲ್ಲ. ಮರುದಿನ ಹಿಟ್ಟು ಹುಳಿ ಬಂದು ಡ್ರಮ್ಮಿನಿಂದ ಉಕ್ಕಿತ್ತು.

ಇಲ್ಲಿ ಒಂದು ವಿಷಯ ಎಲ್ಲಾ ವ್ಯಾಪಾರಿಗಳಿಗೂ ಗೊತ್ತಿರಲಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಾಮಾನು ವಶಪಡಿಸಿಕೊಂಡವರು ಪಟ್ಟಿ ಮಾಡಿ, ಸಹಿ ಹಾಕಿದ ಪ್ರತಿಯನ್ನು ನಿಮಗೆ ಕೊಡಬೇಕು. ನೀವು ಕೇಳಿ ಶುಲ್ಕ ಕಟ್ಟಿದರೆ ಕೆಡುವ ಪದಾರ್ಥವನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಬಿಡಬೇಕು. ಸ್ಥಳದಲ್ಲೇ ಪಟ್ಟಿ ಕೇಳಿ ಪಡೆಯಿರಿ. ಪಟ್ಟಿ ಇಲ್ಲದಿದ್ದರೆ ಆಮೇಲೆ ಯಾವ ಡ್ರಮ್ಮು ಯಾರದ್ದು ಅನ್ನುವುದಕ್ಕೂ ಸಾಕ್ಷಿ ಇರುವುದಿಲ್ಲ.

ಅದೇ ಕಾಯ್ದೆಯ 5ನೇ ಕಲಂ ನೋಡಿದಾಗ ನಮ್ಮ ಹೊಟ್ಟೆ ಉರಿದುಹೋಯಿತು. ಪ್ರಮಾಣಪತ್ರ ಪಡೆಯುವವರು ತಾವೇ ಅಥವಾ ಮನೆಯವರ ಮೂಲಕ ವ್ಯಾಪಾರ ಮಾಡುತ್ತೇವೆ, ಪತ್ರವನ್ನಾಗಲಿ ಜಾಗವನ್ನಾಗಲಿ ಬಾಡಿಗೆಗೂ ಕೊಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಷರತ್ತು ಮುರಿದರೆ ಪತ್ರ ರದ್ದಾಗಬಹುದು. ಆ ಹೆಂಗಸನ್ನು ಹುಡುಕಿಕೊಂಡು ಹೋದೆವು. ಮಂಡಕ್ಕಿ ಮಿರ್ಚಿ ಮಾರುವ ವಯಸ್ಸಾದವರು. ಬೀದಿ ವ್ಯಾಪಾರಿಗಳಿಗೆ ಸರ್ಕಾರ ಕೊಡಿಸುವ ಸ್ವನಿಧಿ ಸಾಲ ಮಾಡಿಸಿಕೊಡ್ತೀನಿ ಅಂತ ಜೆರಾಕ್ಸ್ ಇಸ್ಕೊಂಡು ಹೋಗಿದ್ದನಂತೆ ಇದೇ ದಲ್ಲಾಳಿ. ತನ್ನ ಪತ್ರಕ್ಕೆ ಕುತ್ತು ಬರುತ್ತದೇನೋ ಎಂದು ಆಕೆ ನಮ್ಮೆದುರೇ ಅತ್ತರು. ದುಡ್ಡು ಹೋದದ್ದಕ್ಕಿಂತ ಅದು ನನಗೆ ಹೆಚ್ಚು ಸಂಕಟ ಕೊಟ್ಟಿತು.

ಫೈಲಿನ ಉಳಿದ ಕಾಗದಗಳದ್ದೂ ಇದೇ ಹಣೆಬರಹ. ಆಹಾರ ವ್ಯಾಪಾರಕ್ಕೆ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಯನ್ನು ಅವರದ್ದೇ ಫೋಸ್ಕಾಸ್ ಪೋರ್ಟಲಿನಲ್ಲಿ ಹಾಕಿ ನೋಡಿದರೆ ಹರಿಹರದ ಯಾವುದೋ ಕ್ಯಾಂಟೀನಿನದ್ದು. ನೋಂದಣಿ ಗಾಡಿಯ ಜೊತೆ ಕೈ ಬದಲಾಗುವುದಿಲ್ಲ, ಕೊಂಡವರು ತಮ್ಮ ಹೆಸರಲ್ಲಿ ಹೊಸದಾಗಿಯೇ ಮಾಡಿಸಬೇಕು. ತಮ್ಮನ ಹೆಸರಲ್ಲಿ ಮಾಡಿಸಿದಾಗ ಸರ್ಕಾರಿ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಫೈಲಿನಲ್ಲಿದ್ದ ನಕಲಿ ಕಾಗದಕ್ಕೆ ಆ ದಲ್ಲಾಳಿ ಸಾವಿರಗಟ್ಟಲೆ ಲೆಕ್ಕ ಹಚ್ಚಿದ್ದ.

ಗಾಡಿಯ ಆರ್‌ಸಿಯಲ್ಲಿ ಇನ್ನೂ ಗೂಡ್ಸ್ ಕ್ಯಾರಿಯರ್ ಅಂತಲೇ ಇತ್ತು. ಬಾಡಿ ಬದಲಾಯಿಸಿ ಒಲೆ ಕೂರಿಸಿದ್ದನ್ನು ಆರ್‌ಟಿಒದಲ್ಲಿ ಯಾರೂ ನಮೂದಿಸಿರಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ಗಾಡಿಯ ರೂಪ ಬದಲಿಸುವಂತಿಲ್ಲ. ಒಳಗೆ ಗ್ಯಾಸ್ ಉರಿಯುವ ಗಾಡಿ ಇದು. ಬೆಂಕಿ ಹತ್ತಿ ಯಾರಿಗಾದರೂ ಏನಾದರೂ ಆದರೆ, ಆರ್‌ಸಿಯಲ್ಲಿಲ್ಲದ ಬದಲಾವಣೆ ತೋರಿಸಿ ವಿಮೆಯವರು ಕೈ ಎತ್ತಬಹುದು. ಕೊಳ್ಳುವ ಮೊದಲು ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ನೋಡಿ, ಸಾಲ ಬಾಕಿ ಇದೆಯೇ ಎಂಬುದನ್ನೂ ಆರ್‌ಸಿಯಲ್ಲಿ ನೋಡಿ. ಸಿಲಿಂಡರ್ 19 ಕೆಜಿಯ ಕಮರ್ಷಿಯಲ್ಲೇ ಇರಲಿ. ಮನೆಯ 14.2 ಕೆಜಿಯದ್ದನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ.

ಜಾಗದ ಮಾತಿಗೆ ದಲ್ಲಾಳಿಯನ್ನು ನಂಬಬೇಡಿ. ನೇರ ಪಾಲಿಕೆಗೆ ಹೋಗಿ, ಆ ರಸ್ತೆ ವ್ಯಾಪಾರ ವಲಯದಲ್ಲಿದೆಯೇ, ನಾಲ್ಕು ಚಕ್ರದ ಗಾಡಿ ನಿಲ್ಲಿಸಲು ಬಿಡುತ್ತಾರೆಯೇ ಎಂದು ಅರ್ಜಿ ಬರೆದು ಕೇಳಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಕೌಂಟರಿನಲ್ಲಿ ಬಾಯಿಮಾತಲ್ಲಿ ‘ನಿಲ್ಲಿಸ್ಕೊಳ್ಳಿ’ ಅಂದದ್ದು ತೆರವಿನ ದಿನ ಕೆಲಸಕ್ಕೆ ಬರುವುದಿಲ್ಲ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕೆಂದು ಕಾಯ್ದೆಯಲ್ಲಿದೆ. ಅವರನ್ನು ಹುಡುಕಿ ಮಾತಾಡಿ, ಯಾವ ರಸ್ತೆಯಲ್ಲಿ ಏನು ನಡೆದಿದೆ ಎಂದು ಅವರಿಗೆ ಗೊತ್ತಿರುತ್ತದೆ.

ನಾವು ಠಾಣೆಗೆ ದೂರು ಕೊಟ್ಟಿದ್ದೇವೆ. ನಗದಿಗೆ ರಸೀದಿ ಇಲ್ಲ, ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜುಗಳಷ್ಟೇ ನಮ್ಮ ಕೈಲಿರುವ ಆಧಾರ. ಮೊನ್ನೆ ಆ ದಲ್ಲಾಳಿ ಅದೇ ಜಾಗವನ್ನು ಜಗಳೂರಿನಿಂದ ಬಂದ ಇಬ್ಬರು ಹುಡುಗರಿಗೆ ತೋರಿಸುತ್ತಿದ್ದನಂತೆ. ಆ ಹುಡುಗರು ಯಾರೆಂದು ಗೊತ್ತಿರುವವರು ದಯವಿಟ್ಟು ಇದನ್ನು ಅವರಿಗೆ ಕಳಿಸಿ.