ಬ್ರೂಕ್ಲಿನ್‌ನಲ್ಲಿ ಲಿಬರ್ಟಿ ಪಂದ್ಯ: ಸೀಟು ಎಲ್ಲಿ ಹಿಡಿಯಬೇಕು

ನ್ಯೂಯಾರ್ಕ್ ಲಿಬರ್ಟಿ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸಿಕ್ಕ ಮನೆಗಳಲ್ಲಿ ಬ್ರೂಕ್ಲಿನ್‌ನ ಒಳಾಂಗಣ ಕ್ರೀಡಾಂಗಣ ಬಾರ್ಕ್ಲೇಸ್ ಸೆಂಟರ್ ಅತ್ಯುತ್ತಮ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಹೆಸರು ದೊಡ್ಡದು, ನಿಜ. ಆದರೆ ಅಲ್ಲಿ ಈ ತಂಡ ಕೊನೆಕೊನೆಗೆ ಬಾಡಿಗೆದಾರನ ಹಾಗೇ ಇತ್ತು.

1997ರಲ್ಲಿ ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯುಎನ್‌ಬಿಎ ಶುರುವಾದಾಗಿದ್ದ 8 ತಂಡಗಳಲ್ಲಿ ಲಿಬರ್ಟಿಯೂ ಒಂದು. ಗಾರ್ಡನ್ ನವೀಕರಣಗೊಳ್ಳುತ್ತಿದ್ದ 2011ರಿಂದ 2013ರವರೆಗೆ ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲಿ ಆಡಿ ವಾಪಸು ಬಂತು. ಆಮೇಲೆ ಮಾಲೀಕರು ತಂಡವನ್ನು ಮಾರಾಟಕ್ಕಿಟ್ಟರು, 2018ರಲ್ಲಿ ಅದನ್ನು ವೈಟ್ ಪ್ಲೇನ್ಸ್‌ನ ವೆಸ್ಟ್‌ಚೆಸ್ಟರ್ ಕೌಂಟಿ ಸೆಂಟರ್‌ಗೆ ಸಾಗಹಾಕಿದರು. ಅಲ್ಲಿ ಹಿಡಿಸುತ್ತಿದ್ದದ್ದು ಸುಮಾರು 5,000 ಜನ. 2019ರಲ್ಲಿ ಜೋ ಸಾಯ್ ಮತ್ತು ಕ್ಲಾರಾ ವು ಸಾಯ್ ದಂಪತಿ ಕೊಂಡರು. 2020ರಲ್ಲಿ ಕೋವಿಡ್‌ನಿಂದಾಗಿ ಇಡೀ ಲೀಗ್ ಫ್ಲಾರಿಡಾದಲ್ಲಿ ನಡೆದು, ಲಿಬರ್ಟಿ 22ರಲ್ಲಿ ಗೆದ್ದದ್ದು ಎರಡೇ ಪಂದ್ಯ. 2021ರಿಂದ ಬ್ರೂಕ್ಲಿನ್ ಕಾಯಂ.

ಈಗ ಸೀಟಿನ ವಿಚಾರ. ಕೋರ್ಟ್ ಇರುವುದು ರಸ್ತೆಮಟ್ಟಕ್ಕಿಂತ ಕೆಳಗೆ. ಬಾಗಿಲು ದಾಟಿದರೆ ಸ್ಕೋರ್‌ಬೋರ್ಡ್ ಕಣ್ಣೆದುರಿಗೇ ತೂಗುತ್ತಿರುತ್ತದೆ. ರಿಂಗ್ ಹಿಂದಿನ ಕೆಳಗಿನ ಸೀಟುಗಳು ಹತ್ತಿರ ಅನ್ನಿಸಿದರೂ ದುಡ್ಡು ದಂಡ, ಬೋರ್ಡ್ ಮತ್ತು ಅದರ ಕಂಬ ಅಡ್ಡ ಬಂದು ಆ ತುದಿಯ ಆಟ ಅರ್ಧಂಬರ್ಧ ಕಾಣುತ್ತದೆ. ಅದರ ಬದಲು ಮೇಲಂತಸ್ತಿನ 200ರ ಸಾಲಿನ ವಿಭಾಗಗಳಲ್ಲಿ, ಕೋರ್ಟಿನ ನಡುಗೆರೆಯ ನೇರಕ್ಕೆ, ಮುಂದಿನ ಸಾಲುಗಳನ್ನು ಹಿಡಿಯಿರಿ. ಈ ತಂಡದ ಆಟ ಅರ್ಥವಾಗುವುದೇ ಮೇಲಿನಿಂದ. 1.98 ಮೀಟರ್ ಎತ್ತರದ ಜಾಂಕ್ವೆಲ್ ಜೋನ್ಸ್ ಸೆಂಟರ್, ಅಂದರೆ ಸಾಮಾನ್ಯವಾಗಿ ರಿಂಗ್ ಬಳಿ ನಿಲ್ಲುವ ಆಟಗಾರ್ತಿಯಾದರೂ ಮೂರು ಅಂಕದ 6.75 ಮೀಟರ್ ಗೆರೆಯಾಚೆಯಿಂದ ಹಾಕಬಲ್ಲವರು. ಚೆಂಡು ಹಿಡಿದ ಗಾರ್ಡ್ ಸಬ್ರಿನಾ ಅಯೊನೆಸ್ಕುಗೆ ಅವರು ಸ್ಕ್ರೀನ್ ಹಿಡಿದು (ಕಾಯುವವಳಿಗೆ ಅಡ್ಡ ನಿಂತು) ಹೊರಕ್ಕೆ ಸರಿದರೆ ಎದುರಾಳಿಯ ಎತ್ತರದವಳೂ ಜೊತೆಗೆ ಬರಬೇಕು, ರಿಂಗ್ ಕೆಳಗೆ ಬಯಲು. ಅದನ್ನು ಮುಚ್ಚಲು ಮೂಲೆಯಿಂದ ಯಾರು ಓಡಿಬಂದರು, ಯಾರನ್ನು ಬಿಟ್ಟು ಬಂದರು ಅನ್ನುವುದು ಕೆಳಗೆ ಕೂತವರಿಗೆ ಬೆನ್ನುಗಳ ನಡುವೆ ಕಳೆದುಹೋಗುತ್ತದೆ.

ಒಂದು ಎಚ್ಚರಿಕೆ: ಮೇಲಂತಸ್ತಿನ ಮೆಟ್ಟಿಲು ತೀರಾ ಕಡಿದು. ಮಂಡಿನೋವಿನ ಅಪ್ಪ-ಅಮ್ಮ ಊರಿಂದ ಬಂದಿದ್ದರೆ ಕೆಳಗಿನ ವಿಭಾಗದ ಮೂಲೆ ಸೀಟೇ ಸರಿ. ಪುಟ್ಟ ಮಕ್ಕಳಿದ್ದರೆ ಕಿವಿ ಮುಚ್ಚುವ ಹೆಡ್‌ಫೋನ್ ಮರೆಯಬೇಡಿ, ಸದ್ದು ವಿಪರೀತ. ವಿರಾಮದಲ್ಲಿ ಕುಣಿಯುವ ಆನೆ ವೇಷದ ಮ್ಯಾಸ್ಕಟ್ ‘ಎಲ್ಲಿ’ಯನ್ನು ನೋಡಲೆಂದೇ ಮಕ್ಕಳು ಕಾಯುತ್ತಾರೆ, ಆಗ ತಿಂಡಿಗೆಂದು ಎದ್ದರೆ ರಂಪ ಗ್ಯಾರಂಟಿ.

ಚಾವಣಿಯತ್ತ ಒಮ್ಮೆ ನೋಡಿ. ಲಿಬರ್ಟಿಯ ಚಾಂಪಿಯನ್ ಪತಾಕೆ ಒಂದೇ, 2024ರದ್ದು. ಅದಕ್ಕೂ ಮುಂಚೆ 1997, 1999, 2000, 2002, 2023 ಹೀಗೆ ಐದು ಫೈನಲ್ ಸೋತಾಗಿತ್ತು. 1999ರ ಫೈನಲ್ ಸರಣಿಯ ಎರಡನೇ ಪಂದ್ಯದಲ್ಲಂತೂ ಹ್ಯೂಸ್ಟನ್‌ನವರು ಗೆದ್ದೆವೆಂದುಕೊಂಡು ಬಣ್ಣದ ಕಾಗದ ಉದುರಿಸಲು ಶುರುಮಾಡಿದ್ದರು. ಲಿಬರ್ಟಿಯ ತೆರೇಸಾ ವೆದರ್‌ಸ್ಪೂನ್ ಅರ್ಧ ಕೋರ್ಟಿನಿಂದ ಎಸೆದ ಚೆಂಡು ಒಳಗೆ ಬಿದ್ದು 68–67ರ ಗೆಲುವು. ಮರುದಿನ ನಿರ್ಣಾಯಕ ಪಂದ್ಯವನ್ನು 59–47ರಿಂದ ಸೋತರು, ಆ ಮಾತು ಬೇರೆ. 2024ರ ಫೈನಲ್‌ನ ಐದನೇ ಪಂದ್ಯ ಇದೇ ಬ್ರೂಕ್ಲಿನ್ ಕೋರ್ಟಿನಲ್ಲಿ ನಡೆದದ್ದು. ಅಯೊನೆಸ್ಕು 19 ಎಸೆತದಲ್ಲಿ ಒಂದನ್ನಷ್ಟೇ ಹಾಕಿದರು, ಆದರೂ ಮಿನೆಸೋಟಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 67–62ರ ಗೆಲುವು. ಡಿಫೆನ್ಸ್ ನೋಡಲು ಕಲಿಯಬೇಕೆನ್ನುವವರು ಆ ಪಂದ್ಯವನ್ನು ಮೊದಲು ನೋಡಿಕೊಂಡು ಬರಲಿ.

10 ನಿಮಿಷದ ನಾಲ್ಕು ಕ್ವಾರ್ಟರ್, ವಿರಾಮವೆಲ್ಲ ಸೇರಿ ಎರಡು ಗಂಟೆಗೂ ತುಸು ಜಾಸ್ತಿ. ಕಾರು ತರಬೇಡಿ. ನ್ಯೂಜೆರ್ಸಿಯ ಎಡಿಸನ್ ಕಡೆಯಿಂದ ಬರುವವರು ಎನ್‌ಜೆ ಟ್ರಾನ್ಸಿಟ್ ರೈಲಿನಲ್ಲಿ ನ್ಯೂಯಾರ್ಕ್ ಪೆನ್ ಸ್ಟೇಷನ್‌ಗೆ ಬಂದು, 2 ಅಥವಾ 3ನೇ ನಂಬರಿನ ಸಬ್‌ವೇ ರೈಲು ಹತ್ತಿದರೆ ಅಟ್ಲಾಂಟಿಕ್ ಅವೆನ್ಯೂನಲ್ಲಿ ಇಳಿದು ಮೆಟ್ಟಿಲು ಹತ್ತುತ್ತಲೇ ಎದುರಿಗೆ ಬಾರ್ಕ್ಲೇಸ್. ತಾಪತ್ರಯ ಇರುವುದು ವಾಪಸಾತಿಯಲ್ಲಿ: ಎಲ್ಲರೂ ಮುಂಬಾಗಿಲಿನ ಅದೇ ಸಬ್‌ವೇ ಮೆಟ್ಟಿಲಿಗೆ ಮುಗಿಬೀಳುತ್ತಾರೆ. ಅಲ್ಲಿ ನೂಕಾಡುವ ಬದಲು ಫೋರ್ಥ್ ಅವೆನ್ಯೂ–ಪೆಸಿಫಿಕ್ ಸ್ಟ್ರೀಟ್ ಮೂಲೆಯವರೆಗೆ ನಡೆದು ಅಲ್ಲಿನ ಬಾಗಿಲಲ್ಲಿ ಇಳಿಯಿರಿ, ಡಿ ಅಥವಾ ಎನ್ ರೈಲು ಹಿಡಿದು ಹೆರಾಲ್ಡ್ ಸ್ಕ್ವೇರ್‌ನಲ್ಲಿ ಇಳಿದರೆ ಪೆನ್ ಸ್ಟೇಷನ್ ನಡೆದು ಹೋಗುವಷ್ಟೇ ದೂರ.