ನವಿಲು, ಕೌಜುಗದ ಫೋಟೊಗೆ ಟೆಂಟೋ, ಕಂಬಳಿಯೋ, ಹಳೇ ಕಾರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಮಾರುತಿ 800ಕ್ಕೆ. ಅಜ್ಜನ ಕಾಲದ ಕರಿ ಕಂಬಳಿ ಎರಡನೆಯದು. ಒಳಗೆ ಅಡಗಿ ಕೂತು ಫೋಟೊ ತೆಗೆಯಲೆಂದು 4,000 ರೂಪಾಯಿ ಹತ್ತಿರ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ಟೆಂಟ್ ಕೊನೆಗೆ.

ಹೋಳಿಯಿಂದ ಯುಗಾದಿ ದಾಟುವವರೆಗೆ ಮುಧೋಳದ ಸುತ್ತ ಇದಕ್ಕಿಂತ ಒಳ್ಳೇ ಕಾಲ ಇಲ್ಲ. ಜೋಳದ ರಾಶಿ ಮುಗಿದಿರುತ್ತದೆ. ಕಬ್ಬು ಕಟಾವಾಗಿ ಎಷ್ಟೋ ಹೊಲ ಬಯಲಾಗಿರುತ್ತವೆ. ಕಬ್ಬಿನೊಳಗೆ ಅಡಗಿದ್ದ ನವಿಲುಗಳು ಹೊರಗೆ ಬಂದು ಕಾಳು, ಹುಳ ಹೆಕ್ಕುತ್ತವೆ. ಗಂಡಿನ ಗರಿ ಈಗ ಪೂರ್ತಿ ಬೆಳೆದಿರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದೆಲ್ಲ ಉದುರಿ ಹೋಗುತ್ತದೆ, ಆಮೇಲೆ ಬೋಳು ನವಿಲಿನ ಫೋಟೊ ಯಾರಿಗೆ ಬೇಕು? ಕೌಜುಗ ಬೆಳಿಗ್ಗೆ ಬದುವಿನ ಮೇಲೇ ನಿಂತು ಕೂಗುತ್ತದೆ. ಹೊರದೇಶದವರು ಫೆಸೆಂಟ್ ಅಂತ ಫೋಟೊ ಹಾಕುತ್ತಾರಲ್ಲ, ನಮ್ಮ ನವಿಲು, ಕೌಜುಗ, ಲಾವುಗೆ ಎಲ್ಲ ಅದೇ ಕುಟುಂಬದವು. ಕಾಡುಕೋಳಿ ಬೇಕಂದರೆ ಖಾನಾಪುರದ ಕಾಡಿನ ಕಡೆ ಹೋಗಬೇಕು.

ಟೆಂಟಿನಲ್ಲಿ ಕೂತಿರುವಷ್ಟು ಹೊತ್ತು ಸುಖ ಇದೆ, ಇಲ್ಲ ಅನ್ನುವುದಿಲ್ಲ. ಕುರ್ಚಿ ಹಾಕಿಕೊಳ್ಳಬಹುದು, ಚಹಾ ಕುಡಿಯಬಹುದು. ಹೆಣ್ಣು ನವಿಲೊಂದು ಎಷ್ಟು ಹತ್ತಿರ ಬಂದಿತ್ತೆಂದರೆ ಲೆನ್ಸಿಗೆ ಫೋಕಸ್ಸೇ ಸಿಗಲಿಲ್ಲ.

ತೊಂದರೆ ಇರುವುದು ಮಡಚುವುದರಲ್ಲಿ. ಬಿಚ್ಚುವಾಗ ಚೀಲದಿಂದ ತೆಗೆದು ಎಸೆದರೆ ಸಾಕು, ಫಟ್ ಅಂತ ತಾನೇ ಎದ್ದು ನಿಲ್ಲುತ್ತದೆ. ಮಡಚುವಾಗ ಮಾತ್ರ ಬಟ್ಟೆಯೊಳಗಿನ ಉಕ್ಕಿನ ಪಟ್ಟಿಯನ್ನು ಎಂಟರ ಆಕಾರಕ್ಕೆ ತಿರುಚಬೇಕು, ಸುತ್ತುಗಳನ್ನು ಒಂದರ ಮೇಲೊಂದು ಕೂರಿಸಬೇಕು, ಆಮೇಲೆ ದುಂಡು ಚೀಲಕ್ಕೆ ತುರುಕಬೇಕು. ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಪುಟಿಯುತ್ತದೆ. ಮೊಣಕಾಲೂರಿ ಒತ್ತಿ ಹಿಡಿದು, ಇನ್ನೇನು ಚೀಲದೊಳಗೆ ಹೋಯಿತು ಅನ್ನುವಾಗ ಮುಖಕ್ಕೇ ಬಿಚ್ಚಿಕೊಳ್ಳುತ್ತದೆ. ಗಾಳಿ ಇದ್ದರಂತೂ ಕೇಳಲೇಬೇಡಿ. ವಿಡಿಯೊದಲ್ಲಿ ಒಬ್ಬ ಹುಡುಗ ಚಿಟಿಕೆ ಹೊಡೆಯುವಷ್ಟರಲ್ಲಿ ಮಡಚಿ ತೋರಿಸುತ್ತಾನೆ. ಅವನನ್ನು ಒಮ್ಮೆ ನಮ್ಮ ಕಪ್ಪು ಮಣ್ಣಿನ ಎರಿ ಹೊಲದಲ್ಲಿ, ಉತ್ರಾಣಿ ಮುಳ್ಳಿನ ನಡುವೆ ನಿಲ್ಲಿಸಿ ನೋಡಬೇಕು. ನಾನು ಹಾಗೆ ಟೆಂಟಿನ ಮೇಲೆ ಬಿದ್ದು ಹೊರಳಾಡುವಾಗ ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಬೈಕ್ ನಿಲ್ಲಿಸಿ, "ಏನ್ರೀ ಸರ, ಹಂದಿ ಸಿಕ್ಕೈತೇನ್ರಿ?" ಅಂತ ಕೇಳಿದರು.

ನಗುವ ಮಾತು ಬಿಡಿ, ಫೋಟೊಗೂ ಇದರಿಂದ ಪೆಟ್ಟು. ಟೆಂಟಿಗೆ ಹೋಗುವಾಗ ಇಬ್ಬರು ಹೋಗಿ ಒಬ್ಬರು ವಾಪಸ್ ಬಂದರೆ ಹಕ್ಕಿಗಳು ಒಳಗೆ ಯಾರೂ ಇಲ್ಲ ಅಂದುಕೊಳ್ಳುತ್ತವೆ. ಇದು ಹಳೇ ಉಪಾಯ. ಅದಕ್ಕೆಂದೇ ಅಳಿಯನನ್ನು ನಸುಕಿನಲ್ಲಿ ಎಬ್ಬಿಸಿ ಕರೆದೊಯ್ಯುತ್ತಿದ್ದೆ. ಎರಡು ತಾಸು ಉಸಿರು ಬಿಗಿಹಿಡಿದು ಕೂತು ಹಕ್ಕಿಗಳಿಗೆ ಧೈರ್ಯ ಬಂದ ಮೇಲೆ, ಅವುಗಳ ಕಣ್ಣೆದುರೇ ಈ ಕುಸ್ತಿ! ಮರುದಿನ ಟೆಂಟ್ ಕಂಡರೆ ಸಾಕು, ಕೌಜುಗಗಳು ದೂರದಿಂದಲೇ ಓಡುತ್ತವೆ. ಹಾರುವುದೂ ಇಲ್ಲ, ಸುಮ್ನೆ ಬದುವಿನ ಗುಂಟ ಓಡಿ ಕಂಟಿಯೊಳಗೆ ಮಾಯ.

ಕಂಬಳಿಗೆ ಮಡಚುವ ಶಾಸ್ತ್ರವೇ ಇಲ್ಲ. ಹೊದ್ದು ಬದುವಿನ ಮಗ್ಗುಲಿಗೆ ಮಲಗಿದರೆ ಕ್ಯಾಮೆರಾ ಹಕ್ಕಿಯ ಕಣ್ಣಿನ ಎತ್ತರಕ್ಕೇ ಬರುತ್ತದೆ, ಹಿನ್ನೆಲೆ ಮೆತ್ತಗೆ ಕರಗುತ್ತದೆ. ನನ್ನ ಹತ್ತಿರ ಇರುವ ಒಳ್ಳೇ ಮೊಲದ ಫೋಟೊ, ಮುಂಗುಸಿಯ ಫೋಟೊ ಎರಡೂ ಕಂಬಳಿಯವೇ. ಆದರೆ ಎಂಟು ಗಂಟೆ ದಾಟಿತೆಂದರೆ ಒಳಗೆ ಬೇಯುತ್ತೀರಿ. ಕೆಂಜಿರುವೆ ಬೇರೆ. ಕುರಿಗಾರರ ನಾಯಿ ಬಂದು ಮೂಸಿದರೆ ಅಲುಗಾಡಬೇಡಿ, ಅಷ್ಟೇ.

ಇನ್ನು ಕಾರು. ಕಬ್ಬಿನ ಹಂಗಾಮು ಪೂರ್ತಿ ಈ ಹೊಲದ ದಾರಿಗಳಲ್ಲಿ ಟ್ರ್ಯಾಕ್ಟರ್ ಹಗಲು ರಾತ್ರಿ ಓಡಾಡಿರುತ್ತವೆ. ಗಾಡಿ ಬಂದರೆ ಇಲ್ಲಿಯ ಹಕ್ಕಿಗಳು ತಲೆ ಎತ್ತಿ ನೋಡುತ್ತವೆ, ಮತ್ತೆ ಮೇಯುತ್ತವೆ. ಓಡುವುದು ಬಾಗಿಲು ತೆರೆದು ಮನುಷ್ಯ ಇಳಿದಾಗ. ಹಾಗಾಗಿ ಇಳಿಯಬೇಡಿ. ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದ ಚೀಲಕ್ಕೆ ಎರಡು ಕಿಲೋ ಜೋಳ ತುಂಬಿದ್ದೇನೆ. ಗಾಜು ಅರ್ಧ ಇಳಿಸಿ, ಅದರ ಮೇಲೆ ಚೀಲ, ಚೀಲದ ಮೇಲೆ ಲೆನ್ಸ್. ಎಂಜಿನ್ ಬಂದ್ ಮಾಡಲೇಬೇಕು, ಇಲ್ಲದಿದ್ದರೆ ಅದರ ನಡುಕಕ್ಕೆ ಫೋಟೊ ಮಸುಕಾಗುತ್ತದೆ. ಕೌಜುಗದ ಗಂಟಲಿನ ಮಾಸಲು ಬಣ್ಣ, ಅದರ ಸುತ್ತ ಇದ್ದಿಲಲ್ಲಿ ಎಳೆದಂಥ ತೆಳು ಕಪ್ಪು ಗೆರೆ, ಕೂಗುವಾಗ ತೆರೆದ ಕೊಕ್ಕು, ಇಷ್ಟೂ ನನಗೆ ಸರಿಯಾಗಿ ಸಿಕ್ಕಿದ್ದು ಡ್ರೈವರ್ ಸೀಟಿನಿಂದಲೇ. 70-300 ಮಿ.ಮೀ. ಜೂಮ್ ಲೆನ್ಸ್ ಸಾಕಾಯಿತು.

ಕುಂದು ಇದ್ದೇ ಇವೆ. ಮೇಲಿನಿಂದ ತೆಗೆದ ಹಾಗೆ ಕಾಣುತ್ತದೆ. ಹಕ್ಕಿ ಎಡಗಡೆ ಇದ್ದರೆ ಗಾಡಿ ತಿರುಗಿಸಬೇಕು. ಅಡ್ಡಮಳೆ ಬಿದ್ದ ದಿನ ಎರಿ ಮಣ್ಣಿಗೆ ಇಳಿದರೆ ಟ್ರ್ಯಾಕ್ಟರ್ ಕರೆಸಿ ಎಳೆಸಬೇಕು. ಒಂಬತ್ತರ ನಂತರ ನೆಲದಿಂದ ಬಿಸಿ ಏಳುತ್ತದೆ, ಆಗ ಎಷ್ಟು ದೊಡ್ಡ ಲೆನ್ಸ್ ಇದ್ದರೂ ದೂರದ ಹಕ್ಕಿ ನೀರಿನೊಳಗೆ ಇದ್ದ ಹಾಗೆ ನಡುಗುತ್ತದೆ. ಇದಕ್ಕೆ ಮೂರರಲ್ಲಿ ಯಾವುದೂ ಮದ್ದಲ್ಲ.

ಯಡಹಳ್ಳಿಯ ಚಿಂಕಾರ (ಒಂದು ಬಗೆಯ ಹುಲ್ಲೆ) ಅಭಯಾರಣ್ಯದ ಲೆಕ್ಕ ಬೇರೆ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಟೆಂಟೂ ಇಲ್ಲ, ಕಂಬಳಿಯೂ ಇಲ್ಲ. ಹೊಲದಲ್ಲೂ ಒಂದು ಎಚ್ಚರ ಬೇಕು. ಕೌಜುಗ ನೆಲದ ಮೇಲೇ, ಕಂಟಿ ಬುಡದಲ್ಲಿ ಮೊಟ್ಟೆ ಇಡುತ್ತದೆ. ಗೂಡು ಕಂಡರೆ ಫೋಟೊ ಆಸೆ ಬಿಟ್ಟು ಹಿಂದೆ ಸರಿಯಿರಿ. ನವಿಲನ್ನಂತೂ ಅಟ್ಟಿಸುವ ಹಾಗೇ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ.

ನನಗೆ ಹತ್ತಕ್ಕೆ ಆಫೀಸು. ಆರಕ್ಕೆ ಹೊರಟು ಒಂಬತ್ತಕ್ಕೆ ಮನೆ ಸೇರಬೇಕು, ನಡುವೆ ಟೆಂಟಿನ ಜೊತೆ ಗುದ್ದಾಡಲು ಪುರುಸೊತ್ತಿಲ್ಲ. ಕಾರು ಹೇಗೂ ಮನೆಯಲ್ಲಿತ್ತು, ಹೆಚ್ಚಿನ ಖರ್ಚು ಪೆಟ್ರೋಲ್ ಮಾತ್ರ. ಬೈಕ್ ಇದ್ದವರು ಕಂಬಳಿ ನೋಡಿ. ಸ್ವಂತ ಹೊಲ ಇದ್ದವರಾದರೆ ಟೆಂಟ್ ತೆಗೆದುಕೊಳ್ಳಬಹುದು. ವಾರಗಟ್ಟಲೆ ಅಲ್ಲೇ ಬಿಟ್ಟರೆ ಹಕ್ಕಿಗಳೂ ಹೊಂದಿಕೊಳ್ಳುತ್ತವೆ, ದಿನಾ ಮಡಚುವ ಕೆಲಸವೂ ಇರುವುದಿಲ್ಲ. ಗೂಟ ಮಾತ್ರ ಗಟ್ಟಿ ಹೊಡೆಯಿರಿ, ಜೊತೆಗೆ ಬಂದದ್ದು ಎರಿ ಭೂಮಿಯಲ್ಲಿ ನಿಲ್ಲುವುದಿಲ್ಲ.